ಹತ್ತನೆಯ ಹಿತ್ತಾಳೆ ಕಾಲು

೧

"ನೀನು ಕೈ ಇಟ್ಟಿದ್ದೆಲ್ಲ ಹಾಳು."

ಕಥೆ ಹೀಗೆ ಶುರುವಾಗಬಹುದೇ? ನಡುಮನೆ, ಮಧ್ಯಾಹ್ನ, ಮೇಜಿನ ಮೇಲೆ ಹೊಸದಾಗಿ ಜೋಡಿಸಿದ ಕಂಪ್ಯೂಟರು, ಸುತ್ತ ಮನೆಮಂದಿ. ಅವರೆಲ್ಲರ ಎದುರಿಗೆ ಒಬ್ಬ ಇನ್ನೊಬ್ಬನಿಗೆ ಈ ಮಾತು ಹೇಳುತ್ತಾನೆ. ಓದುಗರೇ, ಮೊದಲ ಸಾಲಿನಲ್ಲೇ ಯಾರಿಗಾದರೂ ಅವಮಾನವಾದರೆ ನೀವು ಎದ್ದು ಹೋಗುವುದಿಲ್ಲ ಎಂಬ ಧೈರ್ಯ ನನಗಿದೆ. ಬೇರೆಯವರ ಮರ್ಯಾದೆ ಹೋಗುವಾಗ ಎದ್ದು ಹೋದವರನ್ನು ನಾನಂತೂ ನೋಡಿಲ್ಲ.

ಆದರೆ ಈ ಮಾತನ್ನು ಯಾರ ಬಾಯಿಗೆ ಹಾಕಲಿ?

೧, ಇನ್ನೊಮ್ಮೆ

ಭಾವನ ಬಾಯಿಗೆ ಹಾಕುತ್ತೇನೆ. ಭಾವಂದಿರು ಮತ್ತೆ ಇರುವುದೇತಕ್ಕೆ?

ಅವನು ಗುಂಡಿ ಒತ್ತಿದ. (ಅವನು ಎಂದರೆ ನಮ್ಮ ಕಥೆಯವನು. ಇಪ್ಪತ್ತೆರಡು ವರ್ಷ. ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸ. ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವನು. ಸಿಟ್ಟು ಸದಾ ಮೂಗಿನ ತುದಿಯಲ್ಲೇ.) ಪೆಟ್ಟಿಗೆಯೊಳಗಿನ ಫ್ಯಾನು ಒಮ್ಮೆ ಮಿಸುಕಿ ನಿಂತಿತು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ, ಅಷ್ಟೆ. ಮತ್ತೆ ಒತ್ತಿದ. ಮತ್ತೆ ಮಿಸುಕಿತು, ನಿಂತಿತು. ಭಾವ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ, "ನೀನು ಕೈ ಇಟ್ಟಿದ್ದೆಲ್ಲ ಹಾಳು" ಎಂದು...

"ಏಯ್, ನಾನ್ಯಾವಾಗ ಹಾಗಂದೆ?" ಭಾವ ಎದ್ದು ಕೂತರು. "ಪ್ಲಗ್ ಸರಿಯಾಗಿ ಹಾಕಿದ್ಯಾ ಅಂತ ಕೇಳ್ದೆ, ಅಷ್ಟೇ. ಸುಮ್ನೆ ಕೂತೋನನ್ನ ಎಳ್ಕೊಂಡು ಬಂದು ಕೆಟ್ಟೋನನ್ನ ಮಾಡ್ತೀಯಲ್ಲ."

ನಿಜ. ಭಾವ ಪ್ಲಗ್ಗಿನ ವಿಷಯ ಮೂರು ಸಲ ಕೇಳಿದ್ದರು, ಮೂರು ಸಲವೂ ಹೊಸದಾಗಿ ಹೊಳೆದ ಹಾಗೆ. ಕೊಲ್ಲಬೇಕು ಅನ್ನಿಸುವಷ್ಟು ಸಿಟ್ಟು ಬರುವ ಪ್ರಶ್ನೆ. ಆದರೆ ಅವಮಾನ ಅಲ್ಲ. ಈ ಡ್ರಾಫ್ಟು ಹರಿದೆ.

೨

ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರು ಅಕ್ಕನಿಗಾಗಿ. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸವೊಂದು ಅವಳಿಗೆ ಸಿಗುವಂತಿತ್ತು, ಮನೆಯಲ್ಲೇ ಕೂತು. ಅದಕ್ಕೊಂದು ಪರೀಕ್ಷೆ, ಅವತ್ತೇ ಸಂಜೆ ನಾಲ್ಕು ಗಂಟೆಗೆ. ಭಾವ ತಮ್ಮ ಆಫೀಸಿನ ಹಳೆಯದೊಂದನ್ನು ತಂದುಕೊಡುತ್ತೇನೆ ಎಂದಿದ್ದರು. ಬೇಡ ಎಂದವನು ಅವನೇ.

"ನಾನು ಕಟ್ಟಿಕೊಡ್ತೀನಿ. ಅಂಗಡಿಯವರು ಮಾಡೋದು ಇಷ್ಟೇ ತಾನೇ?"

"ನಿಂಗೆ ಗೊತ್ತೇನೋ ಅದೆಲ್ಲ?" ಎಂದಿದ್ದಳು ಅಕ್ಕ.

"ನಲವತ್ತು ವಿಡಿಯೋ ನೋಡಿದೀನಿ."

ಅಪ್ಪ ಮಾತ್ರ ಒಂದೂ ಪ್ರಶ್ನೆ ಕೇಳಲಿಲ್ಲ. ಅಪ್ಪ ಬಡಗಿ. ಮಗ ಪೆಟ್ಟಿಗೆ ಬಿಚ್ಚಿ ಸಾಮಾನು ಹರಡಿಕೊಂಡ ಎರಡು ದಿನವೂ ಅವರು ಕೆಲಸದಿಂದ ಬೇಗ ಬಂದು, ಕೈಕಾಲು ತೊಳೆದು, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಸ್ಕ್ರೂ ಕೊಡಿ ಎಂದರೆ ಸ್ಕ್ರೂ. ಟಾರ್ಚು ಹಿಡೀರಿ ಎಂದರೆ ಟಾರ್ಚು. ಮಗ ಮೇಸ್ತ್ರಿ, ಅಪ್ಪ ಕೈಯಾಳು. ಇಬ್ಬರಿಗೂ ಅದು ಹೊಸದು, ಇಬ್ಬರಿಗೂ ಇಷ್ಟವಾಗಿತ್ತು. (ಇಲ್ಲಿ ಕಥೆ ನಿಲ್ಲಿಸಿದರೆ ಎಷ್ಟು ಚೆನ್ನ. ನಿಲ್ಲಿಸುವ ಅಧಿಕಾರವೂ ನನಗೇ ಇದೆ. ಆದರೂ ನೋಡಿ, ಪೆನ್ನು ಮುಂದಕ್ಕೇ ಹೋಗುತ್ತಿದೆ.)

೩

ಎರಡು ಗಂಟೆ ಹತ್ತು ನಿಮಿಷ. ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಬಂದು ಕೂತಿದ್ದಾರೆ. ಭಾವ, ಅಕ್ಕ, ಅಪ್ಪ ಮೇಜಿನ ಸುತ್ತ. ಕಂಪ್ಯೂಟರಿಗೆ ಜೀವವಿಲ್ಲ.

ಅವನು ಗೋಡೆಯ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿದ. ಉರಿಯಿತು. ಪೆಟ್ಟಿಗೆಯ ಹಿಂದಿನ ಸ್ವಿಚ್ಚು ನೋಡಿದ. ಸರಿಯಿತ್ತು. ದಪ್ಪ ಕೇಬಲ್ಲು ಕಿತ್ತು ಟಕ್ ಎನ್ನುವವರೆಗೆ ಒತ್ತಿದ. ಗುಂಡಿಯೇ ಕೆಟ್ಟಿರಬಹುದೆಂದು ಅದರ ವೈರು ತೆಗೆದು, ವೈರು ಕೂತಿದ್ದ ಎರಡು ಪುಟ್ಟ ಕಡ್ಡಿಗಳಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದ. ಫ್ಯಾನು ಮಿಸುಕಿತು, ನಿಂತಿತು.

"ಅದಕ್ಕೂ ಮನಸ್ಸಿಲ್ಲ ಅಂತ ಕಾಣುತ್ತೆ" ಎಂದರು ದೊಡ್ಡಮ್ಮ.

"ಪ್ಲಗ್ಗು..." ಎಂದರು ಭಾವ.

"ಭಾವ, ಇನ್ನೊಂದು ಸಲ ಪ್ಲಗ್ಗು ಅಂದ್ರೆ ನಿಮ್ಮನ್ನೇ ಅದಕ್ಕೆ ಹಾಕ್ತೀನಿ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅಕ್ಕ ಗಡಿಯಾರ ನೋಡಿದಳು. ಅವನು ನೋಡಲಿ ಎಂದಲ್ಲ. ಅವನು ನೋಡಿದ.

ಮೂರು ಗಂಟೆಗೆ ಕೊನೆಯ ದಾರಿ ಉಳಿದಿತ್ತು. ಒಳಗಿನ ದೊಡ್ಡ ಹಲಗೆಯನ್ನೇ, ಅಂದರೆ ಮದರ್‌ಬೋರ್ಡನ್ನೇ, ಬಿಚ್ಚಿ ಹೊರಗೆ ತೆಗೆದು, ಅದು ಬಂದಿದ್ದ ರಟ್ಟಿನ ಡಬ್ಬದ ಮೇಲೆ ಮಲಗಿಸಿದ. ಕಡ್ಡಿಗಳಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದ.

ಫ್ಯಾನು ತಿರುಗಿತು. ನಿಲ್ಲಲಿಲ್ಲ. ಪರದೆ ಬೆಳಗಿತು.

೪

ಈ ಭಾಗ ಬರೆದು ಹರಿದಿದ್ದೇನೆ. ಅದರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅಪ್ಪ ಎಲ್ಲರಿಗಿಂತ ಜೋರಾಗಿ.

೫

ರಟ್ಟಿನ ಮೇಲೆ ಓಡುವುದು ತಗಡಿನ ಪೆಟ್ಟಿಗೆಯಲ್ಲಿ ಯಾಕೆ ಓಡುವುದಿಲ್ಲ? ಖಾಲಿ ಪೆಟ್ಟಿಗೆಗೆ ಟಾರ್ಚು ಬಿಟ್ಟ. ಹಲಗೆ ತಗಡಿಗೆ ತಾಗದ ಹಾಗೆ ಅದರ ಕೆಳಗೆ ಹಿತ್ತಾಳೆಯ ಪುಟ್ಟ ಕಾಲುಗಳನ್ನು ತಿರುಪಿ ಕೂರಿಸುತ್ತಾರೆ. ಹಲಗೆಗೆ ಒಂಬತ್ತು ತೂತು, ಆದ್ದರಿಂದ ಒಂಬತ್ತು ಕಾಲು. ತಗಡಿನಲ್ಲಿ ಮಾತ್ರ ತೂತುಗಳು ಹೆಚ್ಚಿಗೆ ಇರುತ್ತವೆ, ಬೇರೆ ಬೇರೆ ಅಳತೆಯ ಹಲಗೆಗಳಿಗೆಂದು. ಅವು ಖಾಲಿಯೇ ಇರಬೇಕು.

ಅವನು ಎಣಿಸಿದ. ಹತ್ತು.

ಹತ್ತನೆಯದು ಹಲಗೆಯ ಬೆನ್ನಿಗೆ ನೇರ ಚುಚ್ಚಿಕೊಂಡು ಕರೆಂಟನ್ನು ತಗಡಿಗೆ ಹರಿಸುತ್ತಿತ್ತು. ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಬೆರಳಿಗೆ ಬಗ್ಗಲಿಲ್ಲ, ಇಕ್ಕಳ ಬೇಕಾಯಿತು. ಅಷ್ಟು ಬಿಗಿ ಆ ಮನೆಯಲ್ಲಿ ಒಂದೇ ಕೈಯದು.

"ಯಾರು ಹಾಕಿದ್ದು ಇದನ್ನ?"

"ನಾನೇ" ಎಂದರು ಅಪ್ಪ. ಮುಖದಲ್ಲಿ ಇನ್ನೂ ಪರದೆ ಬೆಳಗಿದ ಖುಷಿಯಿತ್ತು. "ಒಂದು ತೂತು ಖಾಲಿ ಇತ್ತಲ್ಲ."

ಓದುಗರೇ, ಅಪ್ಪನ ಕಸುಬಿನ ಒಂದು ಕಟ್ಟಳೆ ನಿಮಗೆ ಗೊತ್ತಿರಬೇಕು. ಬಾಗಿಲ ಕೀಲುಪಟ್ಟಿಗೆ ಆರು ತೂತಿದ್ದರೆ ಆರು ಸ್ಕ್ರೂ. ಐದು ಹಾಕಿದರೂ ಬಾಗಿಲು ನಿಲ್ಲುತ್ತದೆ, ಆದರೆ ಖಾಲಿ ತೂತು ಬಿಟ್ಟು ಬಂದವನನ್ನು ಅವರು ಬಡಗಿ ಎನ್ನುವುದಿಲ್ಲ. ಒಮ್ಮೆ ಯಾರದೋ ಕಪಾಟಿಗೆ ಒಂದು ಸ್ಕ್ರೂ ಕಡಿಮೆ ಬಿದ್ದದ್ದು ಊಟಕ್ಕೆ ಕೂತಾಗ ನೆನಪಾಗಿ, ಎದ್ದು, ಎರಡು ಬಸ್ಸು ಬದಲಿಸಿ ಹೋಗಿ ಹಾಕಿ ಬಂದಿದ್ದರು.

ಈಗ ಮೊದಲ ಸಾಲಿನ ಆ ಮಾತು ಯಾರದೆಂದು ಹೇಳಲೇಬೇಕು.

"ಬೇಡ" ಎಂದ ಅವನು, ನನ್ನ ಕಥೆಯವನು. "ಅದೊಂದನ್ನ ತೆಗೆದುಬಿಡಯ್ಯ. ಭಾವ ಒಪ್ಪದಿದ್ರೆ ದೊಡ್ಡಮ್ಮನ ಬಾಯಿಗೆ ಹಾಕು."

"ದೊಡ್ಡಮ್ಮ ಏನು ಮಾಡಿದ್ರು ಪಾಪ?" ಎಂದೆ ನಾನು.

"ಹಾಗಾದ್ರೆ ನಾನು ಮನಸ್ಸಲ್ಲೇ ಅಂದ್ಕೊಂಡೆ ಅಂತ ಬರಿ."

ಹಾಗೂ ಬರೆದು ನೋಡಿದೆ. ಹಾಳೆ ಒಪ್ಪಲಿಲ್ಲ. ಅವನು ಅಂದದ್ದು ಹೀಗೆ, ಪೂರ್ತಿಯಾಗಿ, ಆ ಹಿತ್ತಾಳೆ ಕಾಲನ್ನು ಮೂವರಿಗೂ ಕಾಣುವ ಹಾಗೆ ಎತ್ತಿ ಹಿಡಿದು:

"ನೀನು ಕೈ ಇಟ್ಟಿದ್ದೆಲ್ಲ ಹಾಳು. ನನ್ನ ಓದು ಹಾಳು ಮಾಡ್ದೆ, ಈಗ ಇದನ್ನೂ. ಮೊಳೆ ಹೊಡೆಯೋದು ಬಿಟ್ರೆ ಏನು ಗೊತ್ತು ನಿಂಗೆ?"

ಹುಟ್ಟಿದಾಗಿನಿಂದ ಅಪ್ಪನಿಗೆ ನೀವು ಎಂದೇ ಅಂದ ಬಾಯಿ ಅದು.

(ಓದು. ಅದನ್ನು ಬಿಟ್ಟದ್ದು ಅವನೇ. ಲೆಕ್ಕದ ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲಿಸಿ ಇಡೀ ಕ್ಲಾಸಿನ ಎದುರು ಹೀಯಾಳಿಸಿದ ದಿನ ಚೀಲ ಎಸೆದು ಬಂದಿದ್ದ. ಅಪ್ಪ ಮೂರು ಸಲ ಶಾಲೆಗೆ ಹೋಗಿ ಹೆಡ್‌ಮೇಷ್ಟ್ರ ಮುಂದೆ ಕೈಕಟ್ಟಿ ನಿಂತಿದ್ದರು. ನಾಲ್ಕು ಜನರೆದುರು ನಿಂತು ಅನ್ನಿಸಿಕೊಳ್ಳುವುದು ಹೇಗಿರುತ್ತದೆಂದು ಆ ಮನೆಯಲ್ಲಿ ಚೆನ್ನಾಗಿ ಗೊತ್ತಿದ್ದವನು ಅವನೊಬ್ಬನೇ.)

ಅಪ್ಪ ಬಾಯಿ ತೆರೆದರು. ಏನೋ ಹೇಳುವುದಿತ್ತು. ಮಗನ ಮುಖ ನೋಡಿದರು, ಭಾವನನ್ನು ನೋಡಿದರು, ಮುಚ್ಚಿಕೊಂಡರು. ಕನ್ನಡಕ ಮಡಚಿ ಜೇಬಿಗಿಟ್ಟರು.

"ಲೋ, ಅಪ್ಪನಿಗೆ ಹಾಗಾ ಅನ್ನೋದು?" ಎಂದಳು ಅಕ್ಕ.

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು.

೬

ನಾಲ್ಕಕ್ಕೆ ಅಕ್ಕ ಪರೀಕ್ಷೆಗೆ ಕೂತಳು. ಪೆಟ್ಟಿಗೆಗೆ ಮತ್ತೆ ಜೋಡಿಸಲು ಅವನಿಗೆ ಕೈ ಬರಲಿಲ್ಲ. ಬೆತ್ತಲೆ ಹಲಗೆ ರಟ್ಟಿನ ಡಬ್ಬದ ಮೇಲೇ ಓಡಿತು. ಅಕ್ಕ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಬೆರಳು ಓಡಿಸುತ್ತಿದ್ದಳು.

"ಟೀ ಇಡ್ಲೇನೇ?" ದೊಡ್ಡಮ್ಮ ಬಾಗಿಲಿಂದ ಕೇಳಿದರು.

"ಹೂಂ" ಎಂದಳು, ತಿರುಗದೆ.

ಟೀ ಬಂದಾಗ ಬೆಚ್ಚಿಬಿದ್ದಳು. "ಯಾರು ಕೇಳಿದ್ರು ಟೀನ?"

ಅವನು ಗೋಡೆಗೆ ಒರಗಿ ಕೂತಿದ್ದ. ಅಲ್ಲೇ ಅವನಿಗೆ ಹೊಳೆದದ್ದು.

ಹಿಂದಿನ ದಿನ ಸಂಜೆ. ಅವನು ಮೊಬೈಲಿನಲ್ಲಿ ನಲವತ್ತೊಂದನೇ ವಿಡಿಯೋ ನೋಡುತ್ತಿದ್ದ. ಅಪ್ಪ ತಗಡಿನ ಮೇಲೆ ಬಗ್ಗಿ, ಉಳಿದಿದ್ದ ಒಂದು ಹಿತ್ತಾಳೆ ಕಾಲನ್ನು ಅಂಗೈಯಲ್ಲಿಟ್ಟುಕೊಂಡು, "ಇದೊಂದು ತೂತು ಖಾಲಿ ಇದೆಯಲ್ಲೋ, ಹಾಕ್ಲಾ?" ಎಂದು ಕೇಳಿದ್ದರು.

"ಹೂಂ" ಎಂದಿದ್ದ ಅವನು.

ಆಮೇಲೆ ಎಣಿಸದೆ ಹಲಗೆ ಕೂರಿಸಿದವನೂ ಅವನೇ.

"ನೀನೇ ಹೂಂ ಅಂದೆಯಲ್ಲೋ." ಇಷ್ಟೇ ಮಾತು. ಅಪ್ಪನ ಬಾಯಿಯ ತುದಿಯವರೆಗೆ ಬಂದಿತ್ತು. ಭಾವನ ಎದುರು, ದೊಡ್ಡಮ್ಮನ ಎದುರು, ಅಕ್ಕನ ಎದುರು ಅದನ್ನು ಅವರು ಹೇಳಲಿಲ್ಲ.

೭

ಕೊನೆಗಳು.

ಕೊನೆ ಒಂದು: ಅಪ್ಪ ಆ ಮಾತು ಹೇಳಿಯೇಬಿಡುತ್ತಾರೆ. ಎಲ್ಲರೂ ನಗುತ್ತಾರೆ, ಅವನ ಮುಖ ಕೆಂಪಾಗುತ್ತದೆ, ಲೆಕ್ಕ ಅಲ್ಲಿಗೆ ಚುಕ್ತಾ. ಅವನು ಈ ಕೊನೆಗಾಗಿ ನನ್ನ ಕಾಲು ಹಿಡಿದಿದ್ದಾನೆ. ಅಪ್ಪ ಒಪ್ಪುತ್ತಿಲ್ಲ.

ಕೊನೆ ಎರಡು: ಅವನು ಅಪ್ಪನ ಕೆಲಸದ ಶೆಡ್ಡಿಗೆ ಹೋಗುತ್ತಾನೆ. ಅಪ್ಪ ಉಜ್ಜುಗೊರಡು ಹಿಡಿದು ಹಲಗೆ ನುಣುಪು ಮಾಡುತ್ತಿದ್ದಾರೆ. "ಅಪ್ಪ" ಎನ್ನುತ್ತಾನೆ. "ಊಟ ಆಯ್ತಾ?" ಎನ್ನುತ್ತಾರೆ. "ಆಯ್ತು" ಎನ್ನುತ್ತಾನೆ. ಏಳು ಸಲ ಬರೆದೆ. ಏಳು ಸಲವೂ ಊಟದ ಹತ್ತಿರವೇ ಸಿಕ್ಕಿಕೊಂಡಿತು. (ನಮ್ಮಲ್ಲಿ ಅಪ್ಪ ಮಕ್ಕಳ ನಡುವೆ ಊಟ ದಾಟಿ ಮಾತು ಹೋಗುವುದೇ ಇಲ್ಲವಲ್ಲ.)

ಕೊನೆ ಮೂರು: ಅಕ್ಕನಿಗೆ ಕೆಲಸ ಸಿಗುತ್ತದೆ. ಇದು ನಿಜವಾಗಿಯೂ ಆಯಿತು. ಯಾಕೋ ಕೊನೆಯ ಹಾಗೆ ಅನ್ನಿಸುವುದಿಲ್ಲ. ಕಂಪ್ಯೂಟರು ಈಗ ಪೆಟ್ಟಿಗೆಯಲ್ಲಿದೆ, ಒತ್ತಿದ ಕೂಡಲೇ ಏಳುತ್ತದೆ. ಅಪ್ಪ ಅದರ ಹತ್ತಿರ ಬರುವುದಿಲ್ಲ. ಮೇಜು ಒರೆಸುವಾಗಲೂ ಅದನ್ನು ಬಿಟ್ಟು ಸುತ್ತಲೂ ಒರೆಸುತ್ತಾರೆ. ಹತ್ತನೆಯ ಕಾಲು ಅವನ ಜೇಬಿನಲ್ಲಿದೆ. ಬಟ್ಟೆ ಒಗೆಯಲು ಹಾಕುವಾಗ ತೆಗೆದು ಇನ್ನೊಂದು ಅಂಗಿಗೆ ಹಾಕಿಕೊಳ್ಳುತ್ತಾನೆ.

"ಏನಾದ್ರೂ ಮಾಡು" ಎನ್ನುತ್ತಾನೆ ನನಗೆ. "ಬರೆಯೋನು ನೀನು ತಾನೇ?"

"ಬಾಯಿ ನಿಂದು" ಎನ್ನುತ್ತೇನೆ.

"ನಂದಾ?" ಎಂದು ನನ್ನನ್ನೇ ನೋಡುತ್ತಾನೆ. ನನಗೆ ತಲೆ ಎತ್ತಲು ಆಗುವುದಿಲ್ಲ. ನನ್ನ ಅಂಗಿಯ ಜೇಬಿನಲ್ಲೂ ಒಂದು ಹಿತ್ತಾಳೆ ಕಾಲು ಚುಚ್ಚುತ್ತಿದೆ.

೮

ಉಳಿದದ್ದು ಒಂದೇ ದಾರಿ. ಅಪ್ಪನನ್ನೇ ಈ ಹಾಳೆಗೆ ಕರೆದೆ. ಒಂದು ಸಾಲು ಅವರಿಗೆಂದು ಬಿಟ್ಟೆ. ಬೈಯಲಿ, ಹೂಂ ಅಂದದ್ದನ್ನು ಹೇಳಲಿ, ಊಟ ಆಯ್ತಾ ಎಂದೇ ಕೇಳಲಿ, ಏನಾದರೂ ಸರಿ.

ಅಪ್ಪ: "                                        "

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಖಾಲಿ ಬಿಟ್ಟ ಜಾಗದ ಮೇಲೆ ಹೆಬ್ಬೆರಳು ಇಟ್ಟು, ಎಷ್ಟು ಉದ್ದ ಬೇಕಾದೀತೆಂದು ಅಳೆದರು. ಒಂದು ಸ್ಕ್ರೂಗಾಗಿ ಎರಡು ಬಸ್ಸು ಹಿಡಿದು ಹೋದ ಮನುಷ್ಯ. ಆಮೇಲೆ ಕನ್ನಡಕ ಮಡಚಿ ಜೇಬಿಗಿಟ್ಟರು, ಚಪ್ಪಲಿ ಮೆಟ್ಟಿಕೊಂಡರು, ಆ ಜಾಗ ಖಾಲಿಯೇ ಬಿಟ್ಟು ಹೊರಟುಹೋದರು.