ಪೋತೆಮಾರುವಿನ ಹೊಟ್ಟೆ

ಮಗುವಿನ ಆಟದ ಡಬ್ಬಿಗೆ ಯಾವ ತಾಯಿಯೂ ಬೇಕೆಂದು ವಿಷ ತುಂಬುವುದಿಲ್ಲ. ಜ್ಯೋತ್ಸ್ನಾ ತುಂಬಿದ್ದು ದಿಂಬಿನ ಹೊಟ್ಟು. ಅದನ್ನೂ ಹಾಡು ಗುನುಗುತ್ತಲೇ ತುಂಬಿದಳು, ಪಾಪ.

ಜಪಾನಿನ ತ್ಸುಕುಬಾದಲ್ಲಿ ಅವಳ ಮಗಳು ತಾರಾ ಹೋಗುತ್ತಿದ್ದ ಇಂಗ್ಲಿಷ್ ಕ್ಲಾಸ್ ಶನಿವಾರದ್ದು. ಆ ವರ್ಷ ವ್ಯಾಲಂಟೈನ್ ದಿನವೂ ಶನಿವಾರವೇ ಬಂತು. ಚಾಕೊಲೇಟು ಬೇಡ, ಕಾರ್ಡು ಸಾಕು, ಕಾರ್ಡು ಹಾಕಿಸಿಕೊಳ್ಳಲು ಪ್ರತಿ ಮಗುವೂ ಮನೆಯಲ್ಲೇ ಒಂದು ಡಬ್ಬಿ ಮಾಡಿಕೊಂಡು ಬರಲಿ ಎಂದು ಟೀಚರ್ ಹೇಳಿ ಕಳಿಸಿದ್ದರು. ಏಳು ವರ್ಷದ ತಾರಾಳಿಗೆ ಪೋತೆಮಾರುವೇ ಆಗಬೇಕು. ಪೋತೆಮಾರು ಎಂದರೆ ಆ ಟೀಚರ್ ಕಟ್ಟಿ ಹೇಳುವ ಕಥೆಗಳ ಡೊಳ್ಳುಹೊಟ್ಟೆಯ ಕಪ್ಪೆ. ಅದರ ಹೊಟ್ಟೆ ಒತ್ತಿದರೆ ಸರಸರ ಎಂದು ಮಳೆ ಸುರಿದ ಸದ್ದು ಬರುತ್ತದಂತೆ.

ಶುಕ್ರವಾರ ಸಂಜೆ ಹೊತ್ತಿಗೆ ಕಪ್ಪೆಗೆ ಕಣ್ಣು ಬಂತು, ಕಾರ್ಡು ನುಂಗುವಷ್ಟು ಅಗಲ ಬಾಯಿಯೂ ಬಂತು. ಹಳೆಯ ಪಂಚೆಯ ತುಂಡಿಗೆ ಹಸಿರು ಬಣ್ಣ ಬಳಿದು, ಚೀಲ ಹೊಲಿದು ಹೊಟ್ಟೆ ಅಂಟಿಸಿದ್ದಾಯಿತು. ಒಳಗೇನು ತುಂಬುವುದು? ಪೇಪರ್ ತುರುಕಿದರೆ ತಾರಾ ಮೂತಿ ಉಬ್ಬಿಸಿದಳು.

"ಅಮ್ಮಾ, ನೋ! ದಿಸ್ ಈಸ್ ನಾಟ್ ಮಳೆ."

ಅಕ್ಕಿ ಹಾಕಿದರೆ ಭಾರಕ್ಕೆ ಕಪ್ಪೆ ಮುಗ್ಗರಿಸಿತು. ಆಗ ಜ್ಯೋತ್ಸ್ನಾಳಿಗೆ ನೆನಪಾದದ್ದು ಕತ್ತು ನೋವಿಗೆಂದು ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದು ಬೀರುವಿನಲ್ಲಿ ತುರುಕಿದ್ದ ದಿಂಬು. ಹೊಲಿಗೆ ಬಿಚ್ಚಿದರೆ ಒಳಗೆ ಕಂದು ಹೊಟ್ಟು. ಧೂಳು ಎದ್ದು ಎರಡು ಸಲ ಸೀನಿದಳು. ತಾರಾ ಹುಟ್ಟಿದಾಗ ಜ್ಯೋತ್ಸ್ನಾಳ ಅಮ್ಮ ಮೈಸೂರಿನಿಂದ ಸಾಸಿವೆ ದಿಂಬು ಹೊಲಿದು ತಂದು, ಮಗುವಿನ ತಲೆ ಗುಂಡಗಾಗಲಿ ಎಂದು ಮೂರು ತಿಂಗಳು ಅದರ ಮೇಲೇ ಮಲಗಿಸಿದ್ದರು. ಕಾಳು ತುಂಬಿದ ದಿಂಬಿಗಿಂತ ಮಗುವಿಗೆ ಒಳ್ಳೆಯದು ಇನ್ನೇನಿದೆ? ಅವಳು ಹಾಗೆಂದುಕೊಂಡಳು. ನಮ್ಮ ಕಡೆಯ ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಅದು ಸೋಬಾ ಎಂಬ ಧಾನ್ಯದ ಹೊಟ್ಟು. ಆ ಧಾನ್ಯದ ಹಿಟ್ಟಿನಿಂದಲೇ ಅಲ್ಲಿನವರು ಸೋಬಾ ಶಾವಿಗೆ ಮಾಡುವುದು. ಜ್ಯೋತ್ಸ್ನಾಳಿಗೆ ಶಾವಿಗೆ ಗೊತ್ತಿತ್ತು, ಹೊಟ್ಟು ಗೊತ್ತಿರಲಿಲ್ಲ.

ಎಚ್ಚರಿಕೆ ಮಾತ್ರ ಅಡುಗೆಮನೆಯ ಫ್ರಿಜ್ ಮೇಲೇ ಅಂಟಿಕೊಂಡಿತ್ತು. ತಾರಾಳ ಜೀವದ ಗೆಳತಿ ಮಿಯೊಗೆ ಸೋಬಾ ಅಲರ್ಜಿ. ಹೋದ ವರ್ಷ ಯಾರೋ ಪಕ್ಕದಲ್ಲಿ ಸೋಬಾ ಬೇಯಿಸಿದ ಹಬೆಗೇ ಮಗುವಿನ ಗಂಟಲು ಕಟ್ಟಿ, ಆಂಬುಲೆನ್ಸ್ ಬಂದು, ಎರಡು ದಿನ ಆಸ್ಪತ್ರೆಯಲ್ಲಿತ್ತು. ದಯವಿಟ್ಟು ಯಾರೂ ಸೋಬಾ ತರಬೇಡಿ ಎಂದು ಕ್ಲಾಸಿನವರು ಚೀಟಿ ಕಳಿಸಿದ್ದರು. ಜ್ಯೋತ್ಸ್ನಾ ಅದನ್ನು ಫೋನಿನಲ್ಲಿ ಅನುವಾದಿಸಿ ಓದಿ, ಅನ್ನ ಸಾರು ತಿನ್ನುವ ನಮ್ಮ ಮನೆಗೆ ಆ ಶಾವಿಗೆ ಎಲ್ಲಿಂದ ಬರಬೇಕು ಎಂದು ನಿಶ್ಚಿಂತೆಯಿಂದ ಸಹಿ ಹಾಕಿದ್ದಳು.

ಪೋತೆಮಾರುವಿನ ಹೊಟ್ಟೆ ಒತ್ತಿದಾಗಲೆಲ್ಲ ತೆಳು ಪಂಚೆಯ ಎಳೆಗಳ ಸಂದಿನಿಂದ ಪುಡಿ ಉದುರಿತು. ತಾರಾ ಮಳೆ ಬಂತೆಂದು ಕುಣಿದಳು.

ಬೆಳಿಗ್ಗೆ ಗಂಡ ಚಂದ್ರಮೌಳಿ ಮಗಳನ್ನೂ ಕಪ್ಪೆಯನ್ನೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟ. ಜ್ಯೋತ್ಸ್ನಾ ಉಳಿದ ಹೊಟ್ಟನ್ನು ಚೀಲಕ್ಕೆ ತುಂಬಿ ಬಾಗಿಲಾಚೆ ಇಟ್ಟು ಗುಡಿಸುತ್ತಿದ್ದಳು. ಪಕ್ಕದ ಮನೆಯ ಮುದುಕಿ ಓಗಾತಾ-ಸಾನ್ ಹಾದು ಹೋಗುವಾಗ ಬಗ್ಗಿ ಒಂದು ಚಿಟಿಕೆ ಎತ್ತಿ ಮೂಸಿದರು. ಮುಖ ಅರಳಿತು. ತಮ್ಮ ಅಜ್ಜಿಯ ಮನೆಯಲ್ಲೂ ಇಂಥದೇ ದಿಂಬು ಇತ್ತೆಂದು ಬಿಡಿಸಿ ಬಿಡಿಸಿ ಹೇಳಿದರು. ಆ ಜಪಾನಿ ಮಾತಿನಲ್ಲಿ ಜ್ಯೋತ್ಸ್ನಾಳಿಗೆ ಗಟ್ಟಿಯಾಗಿ ಅರ್ಥವಾದದ್ದು ಒಂದೇ ಪದ. ಸೋಬಾ.

"ಸೋಬಾ?" ಎಂದಳು. ಓಗಾತಾ-ಸಾನ್ ಅಂಗೈಯ ಹೊಟ್ಟು ತೋರಿಸಿ, ಶಾವಿಗೆ ಸೊರ್ರೆಂದು ಎಳೆದುಕೊಂಡಂತೆ ನಟಿಸಿ, ಹೌದೆಂದು ತಲೆಯಾಡಿಸಿ ನಕ್ಕರು.

ಜ್ಯೋತ್ಸ್ನಾಳಿಗೆ ಫ್ರಿಜ್ ಮೇಲಿನ ಚೀಟಿ ನೆನಪಾಯಿತು. ಕ್ಲಾಸ್ ಶುರುವಾಗಿ ಹತ್ತು ನಿಮಿಷವಾಗಿತ್ತು. ಒಳಗೆ ಓಡಿ ಗಂಡನಿಗೆ ಫೋನ್ ಮಾಡಿದಳು.

"ಮೌಳಿ, ಮಿಯೊ ಎಲ್ಲಿ? ಡಬ್ಬಿ ಅವಳ ಹತ್ರ ಬಿಡ್ಬೇಡ! ಅದರಲ್ಲಿರೋದು ಸೋಬಾ!"

"ಮಿಯೊ ಬಂದಿಲ್ವಲ್ಲ. ಫೀವರ್ ಅಂತೆ, ಮನೇಲಿದಾಳೆ."

ಹೋದ ಜೀವ ಬಂದಂತಾಯಿತು. ನೆಲದ ಮೇಲೇ ಕುಸಿದು ಕೂತು, ನಗುವೋ ಅಳುವೋ ತಿಳಿಯದೆ ಕಣ್ಣೊರೆಸಿಕೊಂಡಳು. ದೇವರು ದೊಡ್ಡವನು ಎಂದೂ ಅಂದಳು.

"ಡಬ್ಬಿ ಆಚೆ ಇಡು ಮೌಳಿ, ಯಾರೂ ಮುಟ್ಟೋದು ಬೇಡ."



"ಡಬ್ಬಿ ಇಲ್ಲಿಲ್ಲ ಕಣೇ. ಬರ್ತಾ ಮಿಯೊ ಮನೆ ಮುಂದೆ ನಿಲ್ಲಿಸು ಅಂತ ತಾರಾ ಹಟ ಮಾಡಿದ್ಲು. ಮಿಯೊಗೆ ಹುಷಾರಿಲ್ಲ, ಪೋತೆಮಾರು ಅವಳ ಹತ್ರಾನೇ ಇರ್ಲಿ ಅಂತ ಕೊಟ್ಬಿಟ್ಲು."

"ಓಡು! ಅವರ ಮನೆಗೆ ಓಡು!"

ಫೋನ್ ಕತ್ತರಿಸಿ ಮಿಯೊಳ ತಾಯಿಯ ನಂಬರು ಒತ್ತುವಷ್ಟರಲ್ಲಿ ಅವರದೇ ಮೆಸೇಜು ಕಣ್ಣಿಗೆ ಬಿತ್ತು. ಬಂದು ಅರ್ಧ ಗಂಟೆಯಾಗಿದೆ. ಅರಿಗಾತೋ ಎಂಬ ಒಕ್ಕಣೆಯ ಜೊತೆ ಒಂದು ಫೋಟೋ. ಹಾಸಿಗೆಯಲ್ಲಿ ಮಿಯೊ ಕಪ್ಪೆಯನ್ನು ತಬ್ಬಿಕೊಂಡು, ಅದರ ಹಸಿರು ಹೊಟ್ಟೆಗೆ ಮೂಗೊತ್ತಿ ಮಲಗಿದ್ದಾಳೆ.

ನಂಬರು ಒತ್ತಿದಳು. ಆ ಕಡೆ ಫೋನ್ ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಕೊನೆಗೆ ಮಿಯೊಳ ತಾಯಿ ಎತ್ತಿಕೊಂಡು ಮೆತ್ತನೆಯ ದನಿಯಲ್ಲಿ ಮತ್ತೆ ಥ್ಯಾಂಕ್ಸ್ ಹೇಳತೊಡಗಿದರು. ಅವರ ಮಾತಿನ ಹಿಂದೆ ಮಗುವಿನ ಕೆಮ್ಮು ಕೇಳಿಸುತ್ತಿತ್ತು. ಪಾಪ, ಜ್ವರದ ಕೆಮ್ಮೆಂದೇ ಆಕೆ ತಿಳಿದಿದ್ದರು.

ಐದು ವರ್ಷದಿಂದ ಕಲಿತ ಜಪಾನಿಯೆಲ್ಲ ಜ್ಯೋತ್ಸ್ನಾಳ ತಲೆಯಿಂದ ಹಾರಿಹೋಯಿತು. "ಪೋತೆಮಾರು, ಸೋಬಾ!" ಎಂದು ಕಿರುಚಿದಳು. "ಪೋತೆಮಾರು, ಸೋಬಾ! ಸೋಬಾ!"

ಆ ಕಡೆ ಫೋನು ನೆಲಕ್ಕೆ ಬಿತ್ತು. ಕಟ್ ಆಗಲಿಲ್ಲ. ದಡಬಡ ಹೆಜ್ಜೆ, ಕಿಟಕಿ ದಡಾರನೆ ತೆರೆದ ಸದ್ದು, ಮಿಯೊ, ಮಿಯೊ ಎಂದು ಕರೆಯುವ ತಾಯಿಯ ದನಿ. ಜ್ಯೋತ್ಸ್ನಾ ಎರಡೂ ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಕೆಮ್ಮು ಕೇಳುವ ತನಕ ಮಗುವಿಗೆ ಉಸಿರಿದೆ ಎಂದು ಅವಳಿಗೆ ಹೊಳೆಯಿತು.

"ಕೆಮ್ಮು ಕಂದ," ಎಂದು ಕನ್ನಡದಲ್ಲೇ ಬೇಡಿಕೊಂಡಳು. "ಕೆಮ್ಮಮ್ಮಾ."

ಮಿಯೊ ಕೆಮ್ಮಿದಳು. ತುಸು ತಡೆದು ಇನ್ನೊಂದು ಬಂತು. ಅದು ಮೊದಲಿಗಿಂತ ಸಣ್ಣದಾಗಿತ್ತು. ಮುಂದಿನದಕ್ಕೆ ಕಾಯುತ್ತ ಜ್ಯೋತ್ಸ್ನಾ ತಾನೂ ಉಸಿರು ಬಿಡಲಿಲ್ಲ.