ಮಗುಚಿದ ಮೀನು

"ಮೂಗು ಮುಚ್ಕೊಳಿ ದೊರೆ. ಇವು ನೀರ್ ಜಾತಿ. ಮೈ ತೊಳ್ಯಕ್ಕೆ ಸಮುದ್ರಾನೇ ಇದ್ರೂ ನಾರ್ತವೆ."

ಲೋ ಎಂಬ ಜಮೀನು ದಲ್ಲಾಳಿ ದೋಣಿ ಹತ್ತುತ್ತಲೇ ಆಡಿದ ಮಾತು ಇದು. ಹಿಂದೆ ಬಂದ ಇಂಗ್ಲಿಷ್ ಇಂಜಿನಿಯರ್ ನಿಜಕ್ಕೂ ಕರವಸ್ತ್ರ ತೆಗೆದ. ದೋಣಿಯ ಒಡತಿ ಕಾಮ್‌ಮುಯಿ ಹುಟ್ಟು ಹಾಕಿದಳು. ಅವಳ ನಾದಿನಿ ಫುಕ್‌ತಾಯ್ ದೋಣಿಯ ಒಲೆಯ ಮೇಲೆ ಅವರಿಗಾಗಿ ಮೀನು ಬೇಯಿಸುತ್ತಿದ್ದಳು.

ಹಾಂಗ್‌ಕಾಂಗಿಗೆ ಪಾರ್ಸಿ ಬಂದ, ಬಾಗ್ದಾದಿನ ಯಹೂದಿ ಬಂದ, ಪೋರ್ಚುಗೀಸ ಬಂದ, ಪೇಟ ಸುತ್ತಿದ ಸಿಖ್ ಪೊಲೀಸ ಬಂದ. ಹಡಗಿನಿಂದ ಅವರನ್ನೆಲ್ಲ ದಡಕ್ಕೆ ತಂದಿಳಿಸಿದ್ದು ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಬಾಳುವ ಕಾಮ್‌ಮುಯಿಯ ಜನ. ಬಂದವರೆಲ್ಲ ಮಹಡಿ ಎಬ್ಬಿಸಿದರು. ತಂದಿಳಿಸಿದವರಿಗೆ ಮಾತ್ರ ದಡದಲ್ಲಿ ಅಂಗೈಯಗಲ ಜಾಗವಿಲ್ಲ. ಎಷ್ಟು ತಿಂದರೂ ಈ ಊರಿಗೆ ಹೊಟ್ಟೆ ತುಂಬದು. ಗುಡ್ಡ ಕಡಿದು ಸಮುದ್ರಕ್ಕೆ ಮಣ್ಣು ಸುರಿದು, ಅದರ ಮೇಲೆ ಮಳಿಗೆ ಕಟ್ಟಿ ಮಾರುವುದೇ ಅದರ ಕಸುಬು. ಈಗ ಉಳಿದ ಒಂದು ಕೊಲ್ಲಿಗೂ ಗುರುತಿನ ಬಿದಿರು ನೆಟ್ಟಾಗಿತ್ತು. ಬಿರುಗಾಳಿ ಎದ್ದರೆ ದೋಣಿಗಳಿಗೆ ಅದೊಂದೇ ಮರೆ. ಹಿಂದಿನ ಗಾಳಿಯಲ್ಲಿ ಅಲ್ಲಿಗೆ ಸೇರಲು ತಡವಾಗಿ ಕಾಮ್‌ಮುಯಿಯ ಮಗಳು ನೀರುಪಾಲಾಗಿದ್ದಳು.

"ಬುದ್ಧಿ, ಕೊಲ್ಲೀಲಿ ಒಂದ್ ಮೂಲೇನಾದ್ರೂ ಬುಟ್ಬುಡಿ. ಗಾಳಿ ಬಂದ್ರೆ ಎಲ್ಲಿಗೋಗವ ನಾವು?" ಕಾಮ್‌ಮುಯಿ ಕೇಳಿದಳು.

"ಎಲ್ಲೈತೆ ಕೊಲ್ಲಿ?" ಲೋ ನಕ್ಕ. "ಅದು ನೀರಲ್ಲ ಕಣೇ ಮುಂಡೆ, ನೆಲ. ಆ ಬಿದಿರು ನೆಟ್ಟಿರೋ ತಾವು ಪಾರ್ಸಿಗೆ ಅಂಗ್ಡಿ ಮಾರೂ ಆಯ್ತು."

"ಸಾಯ್ತೀವಿ ಬುದ್ಧಿ."

"ಸಾಯಿ. ಮೀನ್ಗಳಿಗೆ ಹಬ್ಬ."

ನೀರಿನವರು ಮೀನಿನ ಮೇಲ್ಭಾಗ ತಿಂದು, ನಡುಮುಳ್ಳು ಎತ್ತಿ, ಕೆಳಗಿನದನ್ನು ತಿನ್ನುತ್ತಾರೆ. ಮೀನು ಮಗುಚಿದರೆ ದೋಣಿ ಮಗುಚಿದಂತೆ. ಲೋಗೆ ಅದು ಚೆನ್ನಾಗಿ ಗೊತ್ತಿತ್ತು.

"ಒಂದ್ ತಮಾಷೆ ನೋಡಿ ದೊರೆ" ಎಂದವನು ಫುಕ್‌ತಾಯ್ ಬಡಿಸಿಟ್ಟ ತಟ್ಟೆಯ ಮೀನನ್ನು ಊಟದ ಕಡ್ಡಿಗಳಿಂದ ಮಗುಚಿ ಹಾಕಿದ.

ಫುಕ್‌ತಾಯ್ ಕೈಯಿಂದ ಸೌಟು ಜಾರಿತು. ಅವಳ ಮುಖ ನೋಡಿ ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಮ್‌ಮುಯಿ ದೋಣಿಯ ಮೂತಿಯನ್ನು ಕೊಲ್ಲಿಯ ಕಡೆ ತಿರುಗಿಸಿದಳು. ಸಮುದ್ರದ ಇಳಿತದ ಹೊತ್ತು, ಅಲ್ಲಿ ಇದ್ದದ್ದು ಗೇಣುದ್ದ ನೀರು, ಅದರಡಿ ಬರೀ ಕರಿ ಕೆಸರು. ಕೆಂಪು ಬಟ್ಟೆ ಕಟ್ಟಿದ ಬಿದಿರಿನ ಪಕ್ಕ ನಿಲ್ಲಿಸಿದಳು.

"ಇಳೀರಿ ಬುದ್ಧಿ."

"ಇಲ್ಲೆಲ್ಲೇ ಇಳಿಯದು? ಕಟ್ಟೆ ಅಲ್ಲೈತೆ."

"ನೆಲ ಅಂದ್ರಲ್ಲ. ಅಂಗ್ಡಿ ಬಾಗ್ಲಿಗೇ ತಂದಿವ್ನಿ."

"ಪೊಲೀಸ್ರಿಗೇಳಿ ಚರ್ಮ ಸುಲಿಸ್ತೀನಿ ಬೋಸುಡಿ."

"ಸುಲಿಸಿ. ಮೀನ್ ಮಗುಚಿದ್ದು ನೀವು, ದೋಣಿ ಮಗುಚೋಳು ನಾನು. ಇಲ್ಲೇ ಇಳೀತಿರೋ, ಆಳಕ್ಕೋಗಿ ಇಳೀತಿರೋ?"

ನಾದಿನಿ ಅತ್ತ, ಇವಳು ಇತ್ತ ಕಾಲೂರಿ ದೋಣಿಯನ್ನು ತೂಗಿದರು. ದೊರೆಗೆ ಅವರ ಭಾಷೆ ಅರ್ಧಂಬರ್ಧವಾದರೂ ಇದು ಪೂರ್ತಿ ತಿಳಿಯಿತು. ಮೊದಲು ಇಳಿದವನು ಅವನೇ. ರೇಷ್ಮೆ ನಿಲುವಂಗಿಯ ಲೋ ತೊಡೆಯವರೆಗೆ ಹೂತ.

"ಎಂಗೈತೆ ಬುದ್ಧಿ ನೆಲ? ಗಟ್ಟಿಗೈತಾ?"

ತಟ್ಟೆಯ ಮೀನನ್ನು ಅವನ ಮುಂದೆ ಕೆಸರಿಗೆ ಸುರಿದಳು. ಗುರುತಿನ ಬಿದಿರು ಕಿತ್ತು, ಅದರಿಂದಲೇ ದೋಣಿ ತಳ್ಳಿದಳು. ಕಟ್ಟೆಯ ಮೇಲೆ ಸೀಟಿ ಕೂಗಿತು. ಪೊಲೀಸರ ಉಗಿದೋಣಿ ಇತ್ತ ತಿರುಗಿತು.

ಕಾಮ್‌ಮುಯಿ ಬಿದಿರಿನ ಕೆಂಪು ಬಟ್ಟೆ ಬಿಚ್ಚಿ, ತಟ್ಟೆ ಒರೆಸಿ, ನಾದಿನಿಯ ಮುಂದಿಟ್ಟಳು.

"ಇನ್ನೊಂದ್ ಮೀನ್ ಹಾಕವ್ವ. ಅವ್ರು ಬರೋದ್ರೊಳ್ಗೆ ಉಣ್ಣವ."