ಕಳ್ಳದೀಪದ ಗುಡ್ಡ

ಮಧ್ಯಾಹ್ನಕ್ಕೇ ಬರಬೇಕಿದ್ದ ಮಂಜನ ದೋಣಿ ಹೊತ್ತು ಕಂತುವಾಗಲೂ ಬಂದಿರಲಿಲ್ಲ. ದೋಣಿಯಲ್ಲಿ ಅವನ ಜೊತೆಗಿದ್ದವನು ಪಕ್ಕದ ಮನೆ ಸೀತುವಿನ ತಮ್ಮ ರತೀಶ. ಇಬ್ಬರ ಮೊಬೈಲೂ ಸ್ವಿಚ್ ಆಫ್ ಎನ್ನುತ್ತಿತ್ತು. ಎದ್ದ ಗಾಳಿಗೆ ಉಪ್ಪುಂದದ ಆ ಕೇರಿಯ ಕರೆಂಟು ಹೋಗಿ, ಅಳಿವೆ ಬಾಯಿಯ ಎರಡು ದೀಪಗಳೂ ಆರಿದ್ದವು. ಹೊಳೆ ಕಡಲು ಸೇರುವ ಆ ಜಾಗದಲ್ಲಿ ದೋಣಿ ಒಳಗೆ ಬರುವ ದಾರಿ ಎರಡು ದೀಪಗಳ ನಡುವೆ ಮಾತ್ರ.

ದಡದಲ್ಲಿ ಗಂಡಸರು ಬೆಂಕಿ ಹೊತ್ತಿಸಲು ನೋಡಿದರು. ಹಿಡಿಯಿತು ಎನ್ನುವಷ್ಟರಲ್ಲಿ ಗಾಳಿ ಆರಿಸಿಬಿಡುತ್ತಿತ್ತು. ಬೈಕುಗಳ ಲೈಟು ಮೊದಲ ತೆರೆಯನ್ನೂ ದಾಟುತ್ತಿರಲಿಲ್ಲ.

ಮಂಜನ ಹೆಂಡತಿ ಜಲಜ ಅಲ್ಲಿ ನಿಲ್ಲಲಾರದೆ ಮನೆಗೆ ಓಡಿ, ಒಣ ತೆಂಗಿನಕಾಯಿ ಸಿಪ್ಪೆಯ ಚೀಲ ತಲೆಗೇರಿಸಿಕೊಂಡು ಕಳ್ಳದೀಪದ ಗುಡ್ಡದ ಕಡೆಗೆ ಹೊರಟಳು. ಅಳಿವೆಯ ಬಡಗು ದಿಕ್ಕಿಗಿರುವ ಬೋಳು ಗುಡ್ಡ ಅದು. ಜಪಾನಿನವರ ವಿಮಾನ ಬಂದು ಬಾಂಬು ಹಾಕುತ್ತದೆಂಬ ಹೆದರಿಕೆಯ ಕಾಲದಲ್ಲಿ ಬಿಳಿಯರ ಸರ್ಕಾರ ಅಲ್ಲಿ ಮುರಕಲ್ಲಿನ ದೊಡ್ಡ ಒಲೆಗಳನ್ನು ಕಟ್ಟಿಸಿತ್ತಂತೆ. ಊರಿನ ದೀಪ ಆರಿಸಿ ಗುಡ್ಡದಲ್ಲಿ ಬೆಂಕಿ ಹಾಕುವುದು. ಬೀಳುವ ಬಾಂಬು ಬೋಳು ಗುಡ್ಡಕ್ಕೆ ಬೀಳಲಿ ಎಂದು. ಬಾಂಬು ಬರಲಿಲ್ಲ. ಊರವರು ಒಂದೊಂದೇ ಒಲೆ ಕಿತ್ತು ಕೊಟ್ಟಿಗೆ, ಪಾಗಾರ ಕಟ್ಟಿಕೊಂಡರು. ಕಡಲಂಚಿನ ಎರಡು ಮಾತ್ರ ಉಳಿದಿದ್ದವು. ಎದೆಮಟ್ಟದ ಗೋಡೆ, ಕಡಲಿನ ಕಡೆ ಸಣ್ಣ ಬಾಯಿ. ಎಂಥ ಗಾಳಿಗೂ ಅದರೊಳಗೆ ಬೆಂಕಿ ಆರದು ಎಂಬುದಷ್ಟೇ ಜಲಜಳ ತಲೆಯಲ್ಲಿದ್ದದ್ದು.

ಸೀತು ಹಿಂದಿನಿಂದ ಒಣ ತೆಂಗಿನ ಮಡಲಿನ ಕಟ್ಟು, ಬೈಕಿನಿಂದ ಇಳಿಸಿದ ಪೆಟ್ರೋಲಿನ ಬಾಟಲಿ ಹಿಡಿದು ಏದುತ್ತ ಬಂದಳು.

"ಹ್ವಾಯ್ ಜಲಜಕ್ಕ, ಮೆಲ್ಲ ಹೋಯ್ನಿ. ನಿಮ್ಮನ್ ಹುಡ್ಕುಕೆ ಮತ್ತೊಂದ್ ದೋಣಿ ಬಿಡ್ಕಾ?"

"ಬಾಯಿ ಮುಚ್ಕಂಡ್ ಬಾ ಮಾರಾಯ್ತಿ. ಕಪ್ಪಾಯ್ತ್."

ಮೊದಲ ಒಲೆ ಒಂದೇ ಕಡ್ಡಿಗೆ ಹತ್ತಿಕೊಂಡಿತು. ಬೆಂಕಿ ಗೋಡೆಯನ್ನು ಮೀರಿ ಎದ್ದಾಗ ಸೀತು ಮುಖ ಒರೆಸಿಕೊಂಡಳು.

"ಬಿಳಿಯರ್ ಒಲಿ ಅಂದ್ರೆ ಒಲಿ. ನಮ್ಮನಿದೂ ಇತ್ತ್, ಬರೀ ಹೊಗಿ."

ಜಲಜಳಿಗೆ ಅಷ್ಟು ಸಾಲಲಿಲ್ಲ. ಅಷ್ಟು ದೊಡ್ಡ ಕಡಲಿಗೆ ಇಷ್ಟೇ ಇಷ್ಟು ಬೆಳಕು ಅನ್ನಿಸಿತು. ಬಡಗಿನ ಒಲೆಗೂ ಸಿಪ್ಪೆ ಸುರಿದು, ಉರಿಯುವ ಮಡಲೊಂದನ್ನು ಎಳೆದುಕೊಂಡು ಹೋಗಿ ಅದನ್ನೂ ಹೊತ್ತಿಸಿದಳು. ಎರಡೂ ಕಡೆ ಉರಿ ನಿಂತಾಗಲೇ ಅವಳಿಗೆ ಉಸಿರು ಬಂದದ್ದು.

ಆಗ ಕೆಳಗಿನಿಂದ ಕೂಗು ಕೇಳಿತು. ಮಂಜನ ಅಪ್ಪ ಮುತ್ತ ಬರಿಗಾಲಲ್ಲಿ, ಕೋಲೂರಿಕೊಂಡು ಹತ್ತಿ ಬರುತ್ತಿದ್ದ. ಎಂಬತ್ತರ ಹತ್ತಿರದ ಮುದುಕ, ಅಂಗಳ ಬಿಟ್ಟು ಇಳಿಯದೆ ವರ್ಷವಾಗಿತ್ತು.

"ಒಂದ್ ಆರ್ಸ್ ಹೆಣೆ. ಒಂದ್ ಆರ್ಸ್."

"ಅಜ್ಜಯ್ಯ, ನಿಮ್ಗ್ ಮಂಡೆ ಸಮ ಇತ್ತಾ?" ಎಂದಳು ಸೀತು. "ಹೊತ್ತಿದ್ದೇ ದೊಡ್ಡದ್."

ಮುತ್ತ ಗೋಡೆ ಹಿಡಿದು ನಿಂತ. "ಅಪ್ಪಯ್ಯ ಇಲ್ಲೇ ಬೆಂಕಿ ಹಾಕ್ತಿದ್ದದ್. ಅಳಿವೆ ದೀಪ ಎಷ್ಟ್ ದೂರ ದೂರ ಇತ್ತೋ, ಈ ಎರಡ್ ಒಲಿಯೂ ಅಷ್ಟೇ ದೂರ. ಅಳ್ದ್ ಕಟ್ಟಿದ್ದ್. ಕಂಡವ್ರಿಗೆ ಇದೇ ಅಳಿವೆ ಅಂದ್ ಕಾಣ್ಕ್ ಅಂದೇಳಿ. ವಿಮಾನದವ್ನಿಗ್ ಮಾತ್ರ ಅಲ್ಲ, ದೋಣಿಯವ್ನಿಗೂ ಹಾಂಗೇ ಕಾಣತ್ತ್. ಈ ಕಪ್ಪಲ್ಲ್ ಎತ್ತರ ತಗ್ಗ್ ಎಂತ ಗೊತ್ತಾತ್ತ್? ಒಂದೇ ಬೆಂಕಿ ಕಂಡ್ರೆ ಗುಡ್ಡ ಅಂದ್ಕಂಡ್ ತೆಂಕಕ್ ತಿರ್ಗ್ತ. ಎರಡ್ ಕಂಡ್ರೆ ನಡುವಿಗೇ ಬತ್ತ."

ಎರಡು ಒಲೆಗಳ ನಡುವೆ, ಗುಡ್ಡದ ಬುಡದಲ್ಲಿ, ತೆರೆ ಕರಿಬಂಡೆಗೆ ಬಡಿಯುವ ಸದ್ದು ಆಗ ಜಲಜಳಿಗೆ ಕೇಳಿತು. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು.

"ಜಲಜಕ್ಕ, ಅಲ್ಲ್ ಕಾಣಿ," ಎಂದಳು ಸೀತು.

ದೂರದಲ್ಲಿ ಒಂದು ಟಾರ್ಚು. ತೆರೆ ಇಳಿದಾಗ ಮುಳುಗುತ್ತಿತ್ತು, ಏರಿದಾಗ ಕಾಣುತ್ತಿತ್ತು. ಪ್ರತಿ ಸಲವೂ ನೇರ ಇತ್ತಲೇ.

ಜಲಜ ಬಡಗಿನ ಒಲೆಗೆ ಓಡಿದಳು. ನೀರಿರಲಿಲ್ಲ. ಕೋಲಿನಿಂದ ಕೆಂಡ ಎಳೆದು ಹಾಕಿ, ಒದ್ದೆ ಮಣ್ಣನ್ನು ಬೊಗಸೆಯಲ್ಲಿ ಬಾಚಿ ಸುರಿದಳು. ಉಳಿದ ಸಿಪ್ಪೆಯನ್ನು ಬರಿಗೈಯಲ್ಲೇ ಹೊರಗೆಳೆದಳು. ಗಂಡನಿಗೆಂದು ಹೊತ್ತಿಸಿದ ಬೆಳಕನ್ನು ತಾನೇ ತುಳಿದಳು. ಉರಿ ಕುಗ್ಗಿತು, ಹೊಗೆಯಾಯಿತು, ಕಪ್ಪಾಯಿತು.

"ಗಾಳಿಗೆ ಒಂದ್ ದೀಪ ಆರಿತ್ ಅಂದೇಳಿ ತಿಳ್ಕಂಡ್ರೆ?" ಸೀತು ಕೇಳಿದಳು. "ಇದ್ದದ್ರ ಹತ್ರವೇ ಬಂದ್ರೆ?"

ಮುತ್ತ ಕಡಲಿನ ಕಡೆಗೆ ತಿರುಗಿ ಕಣ್ಣು ಕಿರಿದು ಮಾಡಿದ.

ಟಾರ್ಚು ನಿಂತಲ್ಲೇ ನಿಂತಿತು. ಮುಳುಗಿತು. ಮತ್ತೆ ಕಂಡಾಗ ಎಡಕ್ಕೆ, ತೆಂಕಿನ ಕಡೆಗೆ, ಒಂದಿಷ್ಟು ಸರಿದ ಹಾಗಿತ್ತು. ಅವನು ತಿರುಗಿದನೋ, ತೆರೆ ಹೊತ್ತು ಹಾಕಿತೋ ತಿಳಿಯುವ ಮೊದಲೇ ಗುಡ್ಡದ ಮೂಗು ಅಡ್ಡ ಬಂತು. ಅಳಿವೆ ಬಾಯಿ ಅಲ್ಲಿಂದ ಕಾಣುವುದಿಲ್ಲ.

"ತಿರ್ಗಿತಾ?" ಮುತ್ತನಿಗೆ ಅಷ್ಟು ದೂರ ಕಣ್ಣು ಹರಿಯುತ್ತಿರಲಿಲ್ಲ.

"ತಿರ್ಗಿತ್ ಮಾವ."

ಸೀತು ಆಗಲೇ ಇಳಿಜಾರಿನಲ್ಲಿ ಓಡುತ್ತಿದ್ದಳು. "ಅಳಿವೆ ಹತ್ರ ಹೋಪ, ಬನ್ನಿ ಜಲಜಕ್ಕ."

ಜಲಜ ಎರಡು ಹೆಜ್ಜೆ ಇಟ್ಟು ನಿಂತಳು. ತೆಂಕಿನ ಒಲೆಯ ಉರಿ ತಗ್ಗಿತ್ತು. ಅವನು ಇನ್ನೂ ಹೊರಗಿದ್ದರೆ, ಗುಡ್ಡದ ಈ ಒಂದು ಬೆಂಕಿಯನ್ನೇ ಗುರುತು ಹಿಡಿದು ಅಳಿವೆಯ ದಾರಿ ಅಳೆಯಬೇಕು.

"ನೀ ಹೋಗ್," ಎಂದಳು.

ಚೀಲದಲ್ಲಿ ಉಳಿದ ಸಿಪ್ಪೆಯನ್ನು ಸುಟ್ಟ ಕೈಯಲ್ಲೇ ಒಂದೊಂದಾಗಿ ತೆಗೆದು ಒಲೆಗೆ ಹಾಕತೊಡಗಿದಳು. ಒಮ್ಮೆಗೇ ಹಾಕಿದರೆ ಬೇಗ ಮುಗಿದುಹೋಗುತ್ತಿತ್ತು.